ಗಾಳಕ್ಕೆ ಕಟ್ಟಿದ ಅವ್ವನ ಚಪ್ಪಲಿ

ಯಾರಿಗೂ ಗೊತ್ತಾಗಬಾರದು ಅಂತ ನಾನು ಏನೇ ಮಾಡಲಿ, ಅದು ಊರಿಗೆಲ್ಲ ಗೊತ್ತಾಗಿಯೇ ತೀರುತ್ತದೆ. ಇದು ಇವತ್ತು ನಿನ್ನೆಯದಲ್ಲ, ಎಂಬತ್ತರ ದಶಕದಲ್ಲಿ ಜೇವರ್ಗಿ ತಾಲೂಕಿನ ಕೊಳಕೂರ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದಾಗಿಂದ ನಡೆದು ಬಂದದ್ದು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವಳು. ನನಗೋ ಭೀಮಾ ನದಿಯ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂಡುವ ಚಟ. ತಿನ್ನುವುದಕ್ಕಲ್ಲ, ದೇವರಾಣೆ! ಸಿಕ್ಕರೆ ನೀರಿಗೇ ಬಿಡುವವನು. ಆದರೂ ಅವ್ವನಿಗೆ ಗೊತ್ತಾದರೆ ನನ್ನ ಕೈಯ ನೀರನ್ನೂ ಕುಡಿಯಲಿಕ್ಕಿಲ್ಲ ಎಂಬ ಹೆದರಿಕೆ. ಅದಕ್ಕೇ ಪ್ರತಿ ರವಿವಾರ, "ಹೊಳಿಗೆ ಜಳಕಕ್ಕ ಹೊಂಟೀನಿ ಬೇ" ಎಂದು ಹೇಳಿ ಹೋಗುತ್ತಿದ್ದೆ. ಗಾಳದ ಕೋಲು ದಂಡೆಯ ಮೇಲಿನ ಅಂಬಿಗ ಕಾಕಾನ ಗುಡಿಸಲಲ್ಲಿ ಇರುತ್ತಿತ್ತು.

೧. ಓಣಿಯ ನಾಯಿ

ಗಾಳದ ದಾರಕ್ಕೆ ಬೆಂಡು ಬೇಕೇ ಬೇಕು. ಕೆಳಗೆ ಮೀನು ಹುಳ ಕಚ್ಚಿದ ಸುದ್ದಿಯನ್ನು ಮೇಲೆ ಕೂತ ನಮಗೆ ಹೇಳುವುದು ಅದೇ. ಮೂಲೆಯಲ್ಲಿ ಬಿದ್ದಿದ್ದ ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಕತ್ತರಿಸಿ ಕಟ್ಟಿದೆ. ಎರಡು ತಾಸು ಕೂತರೂ ಅದು ಅಲುಗಲಿಲ್ಲ. ಎಳೆದು ನೋಡಿದರೆ ಹುಳ ಮಾಯ! ಬಲೆ ಹೊಲಿಯುತ್ತಿದ್ದ ಕಾಕಾ ನಕ್ಕುಬಿಟ್ಟ.

"ಮಾಸ್ತರ್ರ, ಇಲ್ಲಿರೋವು ಬೆರಳುದ್ದದ ಮೀನ. ಅವು ಇದನ್ನ ಹೆಂಗ ಜಗ್ಗಬೇಕ್ರಿ? ಬೆಂಡು ಕಟ್ಟೀರೋ, ದೋಣಿ ಬಿಟ್ಟೀರೋ?"

ಮನೆಗೆ ಬಂದರೆ ಅವ್ವ ಅಂಗಳದಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಮಾಡಿಕೊಂಡು ನಡೆಯುತ್ತಿದ್ದಾಳೆ. ಹಳೇದೆಂದು ನಾನು ಕತ್ತರಿಸಿದ್ದು ಅವಳು ದಿನಾ ಮೆಟ್ಟುವ ಚಪ್ಪಲಿ!

"ಓಣ್ಯಾಗಿನ ನಾಯಿ ಕಡದಿರಬೇಕು ಬೇ" ಅಂದೆ.

ಅವ್ವ ಚಪ್ಪಲಿ ತಿರುಗಿಸಿ ನೋಡಿದಳು. "ಹೌದಪಾ. ನಾಯಿ ಕಡೆ ಕತ್ತರಿ ಇರಬೇಕು."

೨. ಇನ್ಸ್‌ಪೆಕ್ಟರ ಸಾಹೇಬರು

ಚಪ್ಪಲಿ ಬಿಟ್ಟೆ. ಇನ್ನು ಔಷಧಿ ಬಾಟಲಿಯ ಬಿರಡೆಯೋ, ನವಿಲುಗರಿಯ ಕಡ್ಡಿಯೋ, ಒಣ ಜೋಳದ ದಂಟಿನ ತಿರುಳೋ? ನಾಲ್ಕನೇ ಇಯತ್ತೆಯಲ್ಲಿ 'ತೇಲುವ ವಸ್ತು, ಮುಳುಗುವ ವಸ್ತು' ಪಾಠ ಬಂದದ್ದು ನನ್ನ ಪುಣ್ಯ. ಬಕೇಟಿನಲ್ಲಿ ನೀರು ತುಂಬಿಸಿ, ಒಂದೊಂದಕ್ಕೂ ಗಾಳ ಕಟ್ಟಿ ಬಿಟ್ಟು ನೋಡುತ್ತಿದ್ದೆ. ಅಷ್ಟರಲ್ಲಿ ಶಾಲೆಯ ತಪಾಸಣೆಗೆಂದು ಇನ್ಸ್‌ಪೆಕ್ಟರ ಸಾಹೇಬರು ಒಳಗೆ ಬಂದರು.

"ಬಕೇಟಿನ್ಯಾಗ ಗಾಳ ಯಾಕ್ರಿ ಮಾಸ್ತರ?"

"ಅದು... ಭಾರಕ್ಕ ರೀ, ಸಾಹೇಬ್ರ."

ಸಾಹೇಬರು ಬಗ್ಗಿ, ಮೂರನ್ನೂ ಒಂದೊಂದಾಗಿ ಒತ್ತಿ ನೋಡಿದರು. ಭೇಟಿ ಪುಸ್ತಕದಲ್ಲಿ ಪಾಠ ಉತ್ತಮವೆಂದು ಬರೆದರು. ಹೋಗುವಾಗ ನವಿಲುಗರಿಯ ಕಡ್ಡಿಯನ್ನು ಕಿಸೆಗೆ ಹಾಕಿಕೊಂಡು, "ಇದು ನಮೂನೆಗೆ ಇರಲಿ" ಅಂದರು.

ಮುಂದಿನ ರವಿವಾರ ಹೊಳೆಯ ತಿರುವಿನಲ್ಲಿ ನನ್ನ ನವಿಲುಗರಿ ತೇಲುತ್ತಿತ್ತು. ಹಿಂದೆ ಕೋಲು ಹಿಡಿದು ಸಾಹೇಬರು! ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡರು.

"ಜಳಕಕ್ಕ ಬಂದಿದ್ದೆ ರೀ ಮಾಸ್ತರ." ಕಾಲಲ್ಲಿ ಬೂಟು ಹಾಗೇ ಇತ್ತು.

೩. ಸರಿಯಾದ ಬೆಂಡು

ಕಡೆಗೆ ಕಾಕಾನಿಗೇ ಕನಿಕರ ಬಂತು. ನಾನು ಗೇಣುದ್ದ ಕಟ್ಟುತ್ತಿದ್ದ ಅದೇ ಜೋಳದ ದಂಟಿನ ಸಿಪ್ಪೆ ಸುಲಿದು, ಕಿರುಬೆರಳಿನಷ್ಟು ತಿರುಳನ್ನು ದಾರಕ್ಕೆ ಕಟ್ಟಿಕೊಟ್ಟ. "ಸಣ್ಣ ಮೀನಕ್ಕ ಹಗರ ಬೆಂಡು ಬೇಕ್ರಿ. ಉಸರ ಬಿಟ್ರ ಅಳ್ಳಾಡಬೇಕು."

ಬೆಂಡು ಒಮ್ಮೆ ತಲೆ ಬಗ್ಗಿಸಿತು, ಮತ್ತೊಮ್ಮೆ ಬಗ್ಗಿಸಿತು, ಗುಳುಂ ಎಂದು ಮುಳುಗಿತು. ಎತ್ತಿದೆ. ಬೆಳ್ಳನೆಯ ಮೀನು! ನನ್ನ ಜೀವಮಾನದ ಮೊದಲನೆಯದು. ಬಿಡಿಸಿ ನೀರಿಗೆ ಬಿಟ್ಟೆ. ಆದರೆ ಖುಷಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಕೂತೆ.

"ಅವ್ವಾ, ನಾ ಹೊಳಿಗೆ ಜಳಕಕ್ಕ ಹೋಗೂದಿಲ್ಲ. ಗಾಳ ಹಾಕಾಕ ಹೋಗ್ತೇನಿ."

"ಗೊತ್ತದ. ಒಂದ ದಿನಾನೂ ನಿನ್ನ ತಲಿ ತೋಯ್ದಿಲ್ಲ."

"ಮತ್ತ ಯಾಕ ಬೈಲಿಲ್ಲ ಬೇ?"

"ಚಪ್ಪಲಿ ಕಟ್ಟಿ ಕೂಡೋ ನಿನ್ನ ಕೈಗೆ ಒಂದೂ ಸಿಗೂದಿಲ್ಲ ಅಂತ ಅಂಬಿಗ ಕಾಕಾ ಹೇಳಿದ್ದ. ಯಾವ ಜೀವಕ್ಕೂ ತ್ರಾಸಿಲ್ಲ, ಮಗ ತಂಪಾಗಿ ದಂಡಿ ಮ್ಯಾಲ ಕೂಡ್ತಾನ, ಕೂಡ್ಲಿ ಬಿಡು ಅಂದೆ."

"ಖರೇ, ಆದ್ರ ಇವತ್ತ ಒಂದು ಸಿಕ್ಕತು ಬೇ! ಬಿಟ್ಟುಬಂದೆ."

ಅವ್ವನ ಕೈ ನಿಂತಿತು. "ಅದರ ಬಾಯಿಗೆ ಗಾಳ ಚುಚ್ಚಲಿಲ್ಲೇನೋ?"

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಹೋದಳು. ಮುಗಿಯಿತು, ಇನ್ನು ಈ ಜನ್ಮದಲ್ಲಿ ನನ್ನ ಸಂಗಡ ಮಾತಾಡುವುದಿಲ್ಲ ಅಂದುಕೊಂಡೆ.

ತಿರುಗಿ ಬಂದವಳು ತನ್ನ ಇನ್ನೊಂದು ಕಾಲಿನ ಚಪ್ಪಲಿಯನ್ನು ನನ್ನ ಮುಂದೆ ಇಟ್ಟಳು.

"ಮುಂದಿನ ರವಿವಾರ ಇದನ್ನ ಕಟ್ಟು. ಕತ್ತರಿಸಬ್ಯಾಡ, ಇಡೀದ ಕಟ್ಟು."