ಬಾರದವರ ವಹಿ

ಪಾರ್ಕಿಗೆ ಬಂದವರನ್ನು ಯಾರು ಬೇಕಾದರೂ ಎಣಿಸಬಹುದು. ಬಾರದವರನ್ನು ಎಣಿಸುವ ಮನುಷ್ಯನನ್ನು ನೀವು ನೋಡಿದ್ದೀರಾ? ನಮ್ಮ ಬಳಗದಲ್ಲಿ ಒಬ್ಬರಿದ್ದಾರೆ: ಅವ್ವನ ತಮ್ಮ, ನಮ್ಮ ಮಾಮಾ!

ಖಾನಾಪುರ–ಬೆಳಗಾವಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಈಗಲೂ ಪಾರ್ಕಿನ ಗೇಟಿನಲ್ಲಿ ನಾಲ್ಕು ಜನ ಹರಟುತ್ತ ನಿಂತರೆ ಸಾಕು, “ಒಳಗ ಸರೀರಿ, ಒಳಗ ಸರೀರಿ!” ಎನ್ನುತ್ತಾರೆ. ಯಾರೋ ಮುದುಕರು “ಕಾಯ್ ಮಾಮಾ, ಪಾಸ್ ಚಾಲತೊ ಕಾ?” ಎಂದು, ಪಾಸು ನಡೆಯುತ್ತದೋ ಅಂತ ಮರಾಠಿಯಲ್ಲಿ ಕೆಣಕಿದರೆ, “ಮೊದಲ ಪಾಸ್ ತೋರಸ್ರಿ!” ಎಂದು ಕೈಚಾಚುತ್ತಾರೆ.

ನಮ್ಮ ಓಣಿ ಆ ಪಾರ್ಕಿನ ಬೆನ್ನಿಗೇ ಇದೆ. ಆದರೆ ಹಿಂದಿನ ಗೇಟಿಗೆ ಯಾವ ಕಾಲದ್ದೋ ಬೀಗ. ಮುಂದಿನ ಗೇಟು ಮುಟ್ಟಬೇಕೆಂದರೆ ಲಾರಿ ಓಡಾಡುವ ರಸ್ತೆ ಸುತ್ತಬೇಕು. ಬೀಗ ತೆಗೆಸಿ ಎಂದು ಮಾಮಾ ಹೋಗಿ ಕೇಳಿದರೆ ಪಾರ್ಕು ನೋಡಿಕೊಳ್ಳುವ ಸಾಹೇಬರು, “ಹೆಚ್ಚು ಜನ ಬರೋ ಕಡೆಯ ಕೆಲಸ ಮೊದಲು. ನಿಮ್ಮ ಓಣಿಯಿಂದ ಬರೋರೇ ಇಲ್ಲವಲ್ಲ?” ಎಂದರು.

ಮಾಮಾ ಕೆರಳಿ ಮನೆಗೆ ಬಂದು ನನಗೆ ಹೇಳಿದರು: “ಬಸ್ ತುಂಬೇತಿ ಅಂದ್ರ ಎಲ್ಲಾರೂ ಹತ್ಯಾರಂತ ಅಲ್ಲೋ ತಮ್ಮಾ. ಸ್ಟಾಪಿನ್ಯಾಗ ಉಳದಾವ್ರನ್ನ ಯಾರ ಎಣಸ್ತಾರ?”

ಲೆಕ್ಕ ಬರೆಯುವ ದಪ್ಪ ವಹಿ ಹಿಡಿದು ಓಣಿಯ ಪ್ರತಿ ಮನೆಗೂ ಹೋದರು. ಸ್ವಂತ ಅಕ್ಕನನ್ನೂ ಬಿಡಲಿಲ್ಲ.

“ಮನಿಯಾಗ ಎಷ್ಟ ಮಂದಿ ಇದ್ದೀರಿ?”

“ನಿನ್ನ ತಲಿ! ನಿನ್ನಿ ಇಲ್ಲೇ ಉಂಡ ಹೋದ್ಯಲ್ಲ?” ಎಂದಳು ಅವ್ವ.

“ಅದು ಸಂಬಂಧ, ಅಕ್ಕಾ. ಇದು ಸರ್ವೇ!”

ಇದನ್ನೆಲ್ಲ ಸರ್ವೇ ಅನ್ನುವುದಿಲ್ಲ ಎಂದು, ವಿಶ್ವವಿದ್ಯಾಲಯದಲ್ಲಿ ಓದಿ ಬಂದ ನಾನು ಬದಿಯಲ್ಲೇ ಕೂತು ನಕ್ಕೆ. ನಕ್ಕೆನೋ, ಬರೀ ಫೋನ್ ನೋಡುತ್ತ ಕೂತಿದ್ದೆನೋ? ಈಗ ಖಾತ್ರಿಯಿಲ್ಲ.

ಕೊನೆಗೊಮ್ಮೆ ಸಾಹೇಬರ ಮುಂದೆ ಪಾರ್ಕಿನ ಸಭೆ ಕೂಡಿತು. ಮಾಮಾ ಒಂದೊಂದು ಹೆಸರನ್ನೂ ಸ್ಟಾಪಿನ ಹೆಸರಿನಂತೆ ಕೂಗಿ ಓದಿದರು. ಮೂರನೇ ಪುಟಕ್ಕೇ ಸಾಹೇಬರು ಬೀಗದ ಕೈ ತರಿಸಿದರು! ಅಷ್ಟರಲ್ಲಿ ಅವ್ವ ತೀರಿಕೊಂಡು ಆರು ತಿಂಗಳಾಗಿತ್ತು.

ಮೊನ್ನೆ ಆ ವಹಿ ತಿರುವಿದೆ. ಪ್ರತಿ ಹೆಸರಿನ ಮುಂದೆಯೂ ಬಾರದ ಕಾರಣ: ಮೊಣಕಾಲ ನೋವು, ಲಾರಿ ಅಂಜಿಕೆ. ಇಡೀ ವಹಿಯಲ್ಲಿ ಕಾಟು ಹೊಡೆದದ್ದು ಒಂದೇ ಕಡೆ, ಅವ್ವನ ಹೆಸರಿನ ಮುಂದೆ. ಮೊದಲು ಬರೆದದ್ದು, ‘ಮಗಗ ಪುರಸೊತ್ತಿಲ್ಲ.’ ಅದನ್ನು ಹೊಡೆದು ಮೇಲೆ, ‘ಗೇಟ ಬಂದ್.’

ಎರಡು ಸಲವಾದರೂ ಅವ್ವನ ಕೈಹಿಡಿದು ಅಲ್ಲಿಗೆ ಕರೆದೊಯ್ದ ನೆನಪು ನನಗಿದೆ. ಇದೆಯೇ?

“ಮಾಮಾ, ನಾ ಅವ್ವನ್ನ ಪಾರ್ಕಿಗೆ ಕರಕೊಂಡ ಹೋಗಿದ್ನಲ್ಲ?”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

“ಹೋಗಿದ್ದಿ ತಮ್ಮಾ. ನಾನೇ ಎಣಿಸೇನಿ.”