ಬದಲಾಗುವ ಗೆರೆ

ಅಮೆರಿಕದ ಮುಕಿಲ್ಟಿಯೊ ಊರಿನ ಫೆರಿ ನಿಲ್ದಾಣದ ಪಕ್ಕದ ಹೂವಿನಂಗಡಿಯವಳು ಮಧುರಾಳಿಗೆ ಕೆಲಸ ಕೊಡುತ್ತೇನೆಂದಿದ್ದಳು. ಮಧ್ಯಾಹ್ನದೊಳಗೆ ಉತ್ತರ ಬೇಕಿತ್ತು. ಮದುವೆಯಾದಾಗಿನಿಂದ ತನ್ನದೆನ್ನುವ ಕೆಲಸ ಮಧುರಾಳಿಗಿರಲಿಲ್ಲ. ಆಸೆ ಹಾಲಿನಂತೆ ಉಕ್ಕುತ್ತಿತ್ತು, ಪಕ್ಕದಲ್ಲೇ ಭಯ ಸೌಟು ಹಿಡಿದು ನಿಂತಿತ್ತು.

ಗಂಡ ದ್ವಾರಕಾನಾಥ, "ನಿನ್ನಿಷ್ಟ ಕಣೇ" ಎಂದು ಎವರೆಟ್‌ನ ವಿಮಾನ ಕಾರ್ಖಾನೆಗೆ ಹೊರಟುಹೋದ. ತನ್ನಿಷ್ಟ ಯಾವುದೆಂದು ತಿಳಿಯದೆ ಮಧುರಾ, ಪಕ್ಕದ ಮನೆಯ ಚೀನೀ ಅಜ್ಜಿ ಲಿನ್ ಆಂಟಿ ಕೊಟ್ಟಿದ್ದ ಶಕುನದ ಪುಸ್ತಕ ತೆಗೆದಳು. ಮೂರು ನಾಣ್ಯಗಳನ್ನು ಆರು ಸಲ ಎಸೆಯಬೇಕು, ಎಸೆತಕ್ಕೊಂದು ಗೆರೆ, ಇಡಿಯದೋ ನಡುವೆ ತುಂಡಾದದ್ದೋ; ಆರು ಗೆರೆ ಸೇರಿದರೆ ಒಂದು ಚಿತ್ರ, ಅದರ ಫಲ ಪುಸ್ತಕದಲ್ಲಿರುತ್ತದೆ. ಮೂರೂ ಒಂದೇ ಮಗ್ಗುಲು ಬಿದ್ದರೆ ಅದು ಬದಲಾಗುವ ಗೆರೆ. ಇಡಿಯದು ತುಂಡಾಗಿ, ತುಂಡಾದದ್ದು ಇಡಿಯಾಗಿ ಇನ್ನೊಂದು ಚಿತ್ರ ಹುಟ್ಟುತ್ತದೆ. ಮೊದಲ ಚಿತ್ರ ಇವತ್ತಿನದು, ಎರಡನೆಯದು ಮುಂದಿನದು.

ಕರೆಯದಿದ್ದರೂ ಎದುರುಮನೆಯ ಅಖ್ತರ್ ಜಹಾನ್ ಬಂದು ಕೂತಳು. ಮೊದಲ ಎಸೆತದಲ್ಲೇ ಮೂರೂ ನಾಣ್ಯಗಳು ತಲೆಯ ಮಗ್ಗುಲು ಮೇಲಾಗಿ ಬಿದ್ದವು. ಮಧುರಾ ಆ ಗೆರೆಯನ್ನು ಹಾಳೆಯ ಮೇಲ್ತುದಿಯಲ್ಲಿ ಎಳೆದು, ದಿನಸಿ ಚೀಟಿ ಬರೆಯುವವಳಂತೆ ಒಂದೊಂದಾಗಿ ಕೆಳಗಿಳಿದಳು.

"ಸ್ತಂಭನ ಅಂತಿದೆ ಕಣ್ರೀ." ಪುಸ್ತಕ ನೋಡಿ ಮಧುರಾಳ ಮುಖ ಬಾಡಿತು.

"ಬದಲಾಗೋ ಗೆರೆ ಇದೆಯಲ್ವಾ, ಅದನ್ನ ಬದಲಾಯ್ಸಿ ನೋಡ್ರೀ."

ಬದಲಾಯಿಸಿದರೆ ಬಂದ ಚಿತ್ರದ ಹೆಸರು, ಜನ ಕೂಡುವುದು.

"ಮುಗೀತು ಬಿಡಿ," ಎಂದಳು ಅಖ್ತರ್ ಜಹಾನ್. "ಕೆಲಸ ನಿಂತೋಗತ್ತೆ, ಮನೆ ತುಂಬಾ ನೆಂಟರು ಬರ್ತಾರೆ. ಡಲ್ಲಾಸ್‌ನಲ್ಲಿರೋ ನಿಮ್ಮ ನಾದಿನಿ ಸುಮ್ನೆ ಕೂರ್ತಾರಾ?"

ನಾದಿನಿಯ ಮಾತು ಬಂದದ್ದೇ ಸಾಕಾಯಿತು. ಮಧುರಾ ಅಂಗಡಿಗೆ ಫೋನ್ ಮಾಡಿ, ಆಗುವುದಿಲ್ಲವೆಂದಳು. ಆಮೇಲೆ, ಬಂದವರಿಗಿರಲಿ ಎಂದು ಮೂಗು ಸೀಟುತ್ತಲೇ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತಿಗೆ ಇಟ್ಟಳು.

ಸಂಜೆ ಬಂದ ಲಿನ್ ಆಂಟಿ ಹಾಳೆ ನೋಡಿ ಹಣೆ ಚಚ್ಚಿಕೊಂಡರು. ಯಾರಾದರೂ ಸೂರಿನಿಂದ ಮನೆ ಕಟ್ಟುತ್ತಾರೆಯೇ, ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು ಎಂದು ತಮ್ಮ ತುಂಡು ಇಂಗ್ಲಿಷಿನಲ್ಲಿ ಗದರಿ, ಹಾಳೆಯನ್ನು ತಲೆಕೆಳಗು ಮಾಡಿದರು. ಈಗ ಬಂದದ್ದು ನೆಮ್ಮದಿ. ಗೆರೆ ಬದಲಾದ ಮೇಲೆ, ಏಳಿಗೆ.

ಮಧುರಾ ಫೋನಿಗೆ ಹಾರಿದಳು. ಅಂಗಡಿಯವಳು ಆಗಲೇ ಬೇರೊಬ್ಬಳನ್ನು ಗೊತ್ತುಮಾಡಿಯಾಗಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೇಕು ಹಿಡಿದ ದ್ವಾರಕಾನಾಥ, ಅವನ ಬೆನ್ನಿಗೆ ಕಾರ್ಖಾನೆಯ ಇಡೀ ತಂಡ, ಹೆಂಡತಿ ಮಕ್ಕಳ ಸಮೇತ.

"ನೀನು ಒಪ್ಕೊಂಡಿರ್ತೀಯ ಅಂತ ನಂಗೊತ್ತಿತ್ತು," ಎಂದ ಅವನು ಹೆಮ್ಮೆಯಿಂದ. "ಅದಕ್ಕೇ ಪಾರ್ಟಿಗೆ ಎಲ್ರನ್ನೂ ಕರ್ಕೊಂಡು ಬಂದೆ."

ಕೇಕಿನ ಮೇಲೆ ಕ್ರೀಮಿನ ಗುಲಾಬಿಗಳಿದ್ದವು. ಮಧುರಾ ಅವನ್ನೇ ನೋಡುತ್ತ ನಿಂತಳು. ಸದ್ದು ಕೇಳಿ ಎದುರುಮನೆಯಿಂದ ಬಂದ ಅಖ್ತರ್ ಜಹಾನ್ ಬಿಸಿಬೇಳೆಬಾತಿಗೆ ತಟ್ಟೆ ಒಡ್ಡಿ, ಅವಳ ಕಿವಿಯಲ್ಲಿ ಪಿಸುಗುಟ್ಟಿದಳು.

"ನೋಡಿದ್ರಾ, ನಾವು ಓದಿದ್ದೇ ಸರಿ."