ಅತ್ತೆಯ ಡಬ್ಬಿಯೊಳಗಿನ ವಠಾರ

ನಮ್ಮ ಸೋದರತ್ತೆ ಕೊಳ್ಳೇಗಾಲದಲ್ಲಿ ಒಂದು ವಠಾರ ನಡೆಸುತ್ತಾರೆ. ಎತ್ತರ ಒಂದು ಮೊಳ, ಅಗಲ ಒಂದು ಗೇಣು! ಕಂಪ್ಯೂಟರ್ ಕ್ಲಾಸು ಮುಚ್ಚಿದ ಮೇಲೆ ಉಳಿದ ಒಂದೇ ಒಂದು ಡಬ್ಬಿ ಅದು. ಅದರೊಳಗೆ ಸಾಫ್ಟ್‌ವೇರಿನಿಂದಲೇ ಇಲ್ಲದ ಗೋಡೆಗಳನ್ನೆಬ್ಬಿಸಿ ನಾಲ್ಕು ಸರ್ವರ್ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಹನೂರಿನ ಗೊಬ್ಬರದಂಗಡಿ, ಯಳಂದೂರಿನ ಅಕ್ಕಿ ಗಿರಣಿ, ಇಲ್ಲಿನ ಎರಡು ರೇಷ್ಮೆ ಸೀರೆಯಂಗಡಿಗಳ ಬಿಲ್ಲು, ಸ್ಟಾಕು ಎಲ್ಲ ಅಲ್ಲೇ. ಇಡೀ ಕಂಪ್ಯೂಟರು ತನ್ನದೇ ಎಂದು ಪ್ರತಿಯೊಬ್ಬರ ನಂಬಿಕೆ.

ಗೊಬ್ಬರದಂಗಡಿ ಮೆಮೊರಿ ಹೆಚ್ಚು ನುಂಗಿದರೆ ಅತ್ತೆ ಪರದೆಗೇ ಗದರುತ್ತಾರೆ: "ಇರೋದು ಒಂದ್ ನಲ್ಲಿ. ನೀನೊಬ್ನೇ ಕೊಡ ಇಟ್ಕಂಡು ಕೂತ್ರೆ ಮಿಕ್ಕೋರೇನ್ಲಾ ಮಾಡ್ಬೇಕು?"

ಸೀರೆಯಂಗಡಿಯವರು ಅಣ್ಣತಮ್ಮಂದಿರು. ಅಪ್ಪನ ಅಂಗಡಿಯ ನಡುವೆ ಗೋಡೆ ಕಟ್ಟಿಸಿಕೊಂಡು ಮಾತು ಬಿಟ್ಟವರು. ಕಾರಣಕ್ಕೆ ನನ್ನ ಬಳಿ ಮೂರು ಕತೆಗಳಿವೆ. ಅವುಗಳಲ್ಲಿ ಸೊಗಸಾದದ್ದನ್ನು ಬಹುಶಃ ನಾನೇ ಕಟ್ಟಿರಬೇಕು. ಇಬ್ಬರೂ ಬೇರೆ ಬೇರೆಯಾಗಿ ಬಂದು ಅತ್ತೆಗೆ ಹಾಕಿದ ಷರತ್ತು ಮಾತ್ರ ಒಂದೇ.

"ಅವನ್ದು ಇರೋ ತಾವ ನಂದು ಇರಕೂಡ್ದು ಅಕ್ಕ."

"ನಿಂದು ಬ್ಯಾರೆ ಮನೆ ಕಣಪ್ಪ. ನಡುವೆ ಗೋಡೆ ಅದೆ."

ಸುಳ್ಳು ಎನ್ನುವುದು ಹೇಗೆ? ಆದರೆ ಡಬ್ಬಿ ಒಂದೇ ಎಂದು ಗೊತ್ತಾಗಿ ಇವರಿಬ್ಬರು ಬಿಟ್ಟುಹೋದರೆ ವಠಾರವನ್ನೇ ಮುಚ್ಚಬೇಕು. ಅದಕ್ಕೇ ಪ್ರತಿವರ್ಷ ಆಯುಧಪೂಜೆಗೆ "ನಾನೇ ಮಾಡ್ತೀನಿ, ಬರಬ್ಯಾಡಿ" ಎಂದು ಎಲ್ಲರನ್ನೂ ತಡೆಯುತ್ತಿದ್ದರು.

ಈ ಸಲ ಯಾರೂ ಕೇಳಲಿಲ್ಲ. ಹನೂರಿನ ಬಸ್ಸಿನಲ್ಲಿ ಒಂದು ಹಾರ ಬಂತು, ಯಳಂದೂರಿನಿಂದ ಇನ್ನೊಂದು. ಸೀರೆಯಂಗಡಿಯ ಅಣ್ಣ ತಾನೇ ಬಂದು ಮೂರನೆಯದನ್ನು ಹಾಕಿದ. ಡಬ್ಬಿ ಚೆಂಡುಹೂವಿನಲ್ಲಿ ಮುಳುಗಿತು. ಅಷ್ಟರಲ್ಲಿ ತಮ್ಮನೂ ಹಾರ ಹಿಡಿದು ಬಂದ.

"ನಂದ್ಯಾವ್ದಕ್ಕ?"

ಅತ್ತೆ ಬೆರಳು ತೋರಿಸಿದರು. ಅಣ್ಣ ಅದಕ್ಕೇ ಕುಂಕುಮ ಹಚ್ಚುತ್ತಿದ್ದ.

"ಇದು ನಂದಲ್ವಾ?" ಎಂದ ಅಣ್ಣ.

"ನಿಂದೂವೆ, ಅವನ್ದೂವೆ."

ಅಣ್ಣನ ಮುಖ ಕೆಂಪಾಯಿತು. "ಮೋಸ ಮಾಡ್ಬುಟ್ಟೆ ಕಣಕ್ಕ. ನಂದು ಕೊಟ್ಬುಡು, ತಕಂಡೋಯ್ತೀನಿ" ಎಂದು ಕರೆಂಟಿನ ವೈರಿಗೆ ಕೈಹಾಕಿದ.

"ಕಿತ್ಕೊ. ಇಬ್ರುದೂ ನಿಂತೋಯ್ತದೆ."

ಕೈ ಅಲ್ಲೇ ನಿಂತಿತು. ಅವನು ತಮ್ಮನನ್ನು ನೋಡದೆ ಅತ್ತೆಯನ್ನು ಕೇಳಿದ: "ಅವನ ಅಂಗ್ಡೀಲಿ ಗಿರಾಕಿ ಅವ್ರಾ?"

"ಬಿಲ್ ಮ್ಯಾಲೆ ಬಿಲ್ ಓಯ್ತಾ ಅದೆ."

ಹೂವಿನಡಿ ಸಿಕ್ಕಿದ ಫ್ಯಾನು ಆಗ ಕಿರುಚತೊಡಗಿತು. ಡಬ್ಬಿ ಬಿಸಿಯೇರುತ್ತಿತ್ತು. ಅಣ್ಣ ವೈರು ಬಿಟ್ಟು, ಗಾಳಿಗಿಂಡಿಗೆ ಅಡ್ಡವಾಗಿದ್ದ ತನ್ನ ಹಾರವನ್ನು ತೆಗೆದ. ತಮ್ಮ ಹಾರ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.

"ಮ್ಯಾಲಕ್ಕೆ ಆಕ್ಲಾ," ಎಂದ ಅಣ್ಣ, ಗೋಡೆ ನೋಡುತ್ತಾ. "ಗಾಳಿ ಓಗೋ ತಾವ ಬುಟ್ಟು."

ತಮ್ಮ ಹಾಕಿದ.

ಪರದೆಯಲ್ಲಿ ಗೊಬ್ಬರದಂಗಡಿ ಮತ್ತೆ ಬೇಕಾದಷ್ಟು ಮೆಮೊರಿ ನುಂಗಿ ಕೂತಿತ್ತು. ಅತ್ತೆ ನೋಡಿದರು. ಆವತ್ತು ಗದರದೆ ಪರದೆಗೂ ಕುಂಕುಮ ಹಚ್ಚಿದರು.